ಹೊತ್ತು ಮುಳುಗುವುದರೊಳಗೆ ಎರಡು ಚಮಚೆ ನೀರು

ಗೋಕಾಕದ ಆ ಆಸ್ಪತ್ರೆಯಲ್ಲಿ ನಮಗೆ ಕೊಟ್ಟ ಕೋಣೆಯ ಕಿಟಕಿ ಪಡುವಣಕ್ಕಿತ್ತು. ಬೇರೆ ದಿಕ್ಕಿಗೆ ಇದ್ದಿದ್ದರೆ ನನ್ನಿಂದ ಆ ತಪ್ಪು ಆಗುತ್ತಿರಲಿಲ್ಲವೇನೋ.

ತೊಂಬತ್ತರ ದಶಕದ ಮಾತು. ಅತ್ತೆಗೆ ಪಿತ್ತಕೋಶದ ಆಪರೇಷನ್ ಆಗಿ, ಮಧ್ಯಾಹ್ನ ಎರಡಕ್ಕೆ ಮೇಲಿನ ಕೋಣೆಗೆ ತಂದು ಮಲಗಿಸಿದರು. ಗಂಡ ಮಕ್ಕಳನ್ನು ನೋಡಿಕೊಳ್ಳಲು ಮೂಡಲಗಿಯ ಮನೆಗೆ ಹೋದರು. ಹೋಗುವಾಗ ತಮ್ಮ ಕೈಗಡಿಯಾರ ಬಿಚ್ಚಿ ನನಗೆ ಕೊಟ್ಟರು. ಅದು ಬಳೆಗಳ ಮೇಲೆ ಜಾರಾಡುತ್ತಿತ್ತು.

"ಗಡಿಯಾರ ನೋಡ್ಕೋತ ಉಸರು ಎಣಸ್ರಿ. ಗೊರಕಿ ಬಂದ್ರ ಗದ್ದ ಮ್ಯಾಲೆತ್ತಿ ಹಿಡೀರಿ, ನಾಲಿಗಿ ಹಿಂದ ಬಿದ್ದಿರತೈತಿ. ವಾಂತಿ ಬಂದ್ರ ಮಗ್ಗಲಾ ಮಾಡ್ರಿ. ನಾ ಹೇಳೂತನಾ ಒಂದ ಹನಿ ನೀರು ಕೊಡಬ್ಯಾಡ್ರಿ," ಎಂದು ಹೇಳಿ ಸಿಸ್ಟರ್ ಕೆಳಗಿಳಿದಳು. ಎರಡೂ ಮಹಡಿಗೆ ಅವಳೊಬ್ಬಳೇ. ಕಾನ್ವೆಂಟ್ ಶಾಲೆಯಲ್ಲಿ ಟೀಚರ್‌ಗೆ ತಲೆಯಾಡಿಸುತ್ತಿದ್ದಂತೆಯೇ ತಲೆಯಾಡಿಸಿದೆ.

ಅತ್ತೆ ಮಂಪರಿನಲ್ಲೇ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದರು. ಬಿಡಿಸಹೋದರೆ ನರಳುತ್ತಿದ್ದರು. ಮಂಚ, ಸ್ಟೂಲು, ನಾನು. ನಾಲ್ಕು ತಾಸು ಅಲ್ಲಿಂದ ಏಳಲಾಗಲಿಲ್ಲ. ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿ ಅತ್ತೆಯ ಅಕ್ಕ ಕುಳಿತಿದ್ದರು. ಬೆಲ್ಲದ ಬಾಗೇವಾಡಿಯಿಂದ ಕಾಯಿಸಿ ಸೋಸಿದ ನೀರಿನ ತಂಬಿಗೆ ಹಿಡಿದೇ ಬಂದವರು.

"ಗೊರಕಿ ಹೊಡ್ಯಾಕತ್ತಾಳ, ಚಲೋ ನಿದ್ದಿ ಹತ್ತೈತಿ. ಗದ್ದಾ ಯಾಕ ಎಳೀತಿ, ಬಿಡ ತಂಗಿ."

ನಾನು ಬಿಡಲಿಲ್ಲ. ಗದ್ದ ಎತ್ತಿದರೆ ಗೊರಕೆ ನಿಲ್ಲುತ್ತಿತ್ತು. ಉಸಿರು ನಿಮಿಷಕ್ಕೆ ಹದಿನಾಲ್ಕು, ಹದಿನಾರು.

ಬಿಸಿಲು ಗೋಡೆಯಿಂದ ಇಳಿದು ಮಂಚದ ಕಾಲಿಗೆ ಬಂತು. ಜೈನರ ಮನೆ ನಮ್ಮದು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅತ್ತೆ ನೀರನ್ನೂ ಮುಟ್ಟುವವರಲ್ಲ. ಬಸದಿಯಲ್ಲಿ ಕೈಮುಗಿದು ಮಾಡಿದ ಪ್ರತಿಜ್ಞೆ ಅದು, ನಾನು ಸೊಸೆಯಾಗಿ ಬರುವ ಮೊದಲಿನದು.

"ಈಗ ಕುಡಸಲಿಲ್ಲಂದ್ರ ನಾಳಿ ಹೊತ್ತು ಹೊಂಡೂತನಾ ಆಕಿ ಬಾಯಿ ತೆರಿಯೂದಿಲ್ಲ. ಇಂಗ್ಲಿಷ್ ಸಾಲಿ ಕಲ್ತಾಕಿ, ನಿನಗೇನ ತಿಳೀಬೇಕು?"

"ಸಿಸ್ಟರ್ ಬರ್ಲಿ ದೊಡ್ಡವ್ವಾ, ಕೇಳೂಣು."

"ಆಕಿ ಬರೂತನಾ ಸೂರ್ಯ ನಿಂದರ್ತಾನೇನ?"

"ನೀವರ ಕರಕೊಂಡ ಬರ್ರಿ."

"ಈ ಮೊಣಕಾಲು ಮೆಟ್ಟಲಾ ಇಳೀತಾವೇನ?"

ಅಷ್ಟರಲ್ಲಿ ಅತ್ತೆ ಕಣ್ಣು ಬಿಟ್ಟರು. ನನ್ನನ್ನು ನೋಡಲಿಲ್ಲ, ಕಿಟಕಿ ನೋಡಿದರು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. "ಹೊತ್ತು... ಐತೇನ?" ಎಂದರು. ಎದುರಿನ ಮನೆಯ ನೀರಿನ ಟಾಕಿಯ ಹಿಂದೆ ಕೆಂಪು ಒಂದು ಬೆರಳಷ್ಟು ಉಳಿದಿತ್ತು. ದೊಡ್ಡವ್ವ ಚಮಚೆ ತುಂಬಿ ಚಾಚಿದರು. ನಾನೇ ತೆಗೆದುಕೊಂಡೆ, ನಾನೇ ಕುಡಿಸಿದೆ.

ಮೊದಲನೆಯದು ಇಳಿಯಿತು. ಎರಡನೆಯದಕ್ಕೆ ಕೆಮ್ಮು ಬಂತು, ಅದರ ಬೆನ್ನಿಗೇ ಹಸಿರು ವಾಂತಿ. ಗಂಟಲು ಗೊರಗೊರ ಎಂದಿತು. ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಸೆರಗಿನ ಮುಷ್ಟಿ ಬಿಗಿಯಾಯಿತು. ಆ ಸೆರಗಿನ ಸಮೇತ ಬಗ್ಗಿ ಅವರನ್ನು ಮಗ್ಗುಲಿಗೆ ಹೊರಳಿಸಿ ಬಾಯೊಳಗೆ ಬೆರಳು ಹಾಕಿ ಒರೆಸಿದೆ. ಎಣಿಸಲು ಉಸಿರೇ ಇರಲಿಲ್ಲ. ಮೊಣಕಾಲು ನೋವಿನ ದೊಡ್ಡವ್ವ ಚೀರುತ್ತ ಮೆಟ್ಟಿಲಿಳಿದು ಓಡಿದ್ದರು.

ಸಿಸ್ಟರ್ ಮಷಿನ್ ತಂದು ಗಂಟಲಿನದನ್ನೆಲ್ಲ ಎಳೆದು ತೆಗೆದಳು, ಆಕ್ಸಿಜನ್ ಹಚ್ಚಿದಳು. ತುಟಿಗೆ ಬಣ್ಣ ಮರಳಿತು.

"ನೀರು ಕೊಟ್ರೇನ್ರಿ?"

"ಎರಡ ಚಮಚೆ."

"ಕಲ್ತಾವ್ರು ನೀವು," ಎಂದಳು.

ಅತ್ತೆಗೆ ಇದಾವುದೂ ನೆನಪಿಲ್ಲ. ಅವರಿಗೆ ಹೇಳುವ ಧೈರ್ಯ ನನಗೂ ಬರಲಿಲ್ಲ, ದೊಡ್ಡವ್ವನಿಗೂ ಬರಲಿಲ್ಲ. ನೆನಪಿರುವುದು ಕಿಟಕಿ, ಚಮಚೆ. ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ: "ಹೊತ್ತು ಮುಣಗೂದ್ರಾಗ ನೀರು ಕುಡಿಸಿ ನನ್ನ ವ್ರತಾ ಉಳಸಿದ್ಲು ನಮ್ಮ ಸೊಸಿ." ಬಂದವರು ನನ್ನ ಕಡೆ ನೋಡುತ್ತಾರೆ. ನಾನು ಚಹಾಕ್ಕಿಡಲು ಒಳಗೆ ಹೋಗುತ್ತೇನೆ. ಮಧ್ಯಾಹ್ನ ಅವರು ಮಲಗಿ ಗೊರಕೆ ಹೊಡೆದರೆ, ಇವತ್ತಿಗೂ ನನ್ನ ಕೈಯ ಲಟ್ಟಣಿಗೆ ನಿಲ್ಲುತ್ತದೆ.