ಖಳನ ಬಾಯಿಗೆ ಅಂಟಿದ ಮಾತು

ಸಜ್ಜನರನ್ನು ಸೃಷ್ಟಿಸುವಾಗ ಭಗವಂತನು ಅವರ ಮಾತಿಗೆ ಉಪ್ಪು ಹಾಕಲು ಮರೆತನೆಂದರೆ ದೋಷ ತಟ್ಟೀತು. ಆದರೆ ಮಿಂಚುಮುಷ್ಟಿಯನ್ನು ಸೃಷ್ಟಿಸಿದವನು ಭಗವಂತನಲ್ಲ, ಮಕ್ಕಳ ಮಾಸಪತ್ರಿಕೆಯೊಂದರ ಚಿತ್ರಕಥೆಗಾರ. ಆದುದರಿಂದ ಧೈರ್ಯವಾಗಿ ಹೇಳಬಹುದು. ಹದಿನೆಂಟು ವರ್ಷಗಳಿಂದ ಆ ಮಹಾಪುರುಷನು ಆಕಾಶದಲ್ಲಿ ಹಾರುತ್ತ, ಉರುಳುವ ಕಟ್ಟಡಗಳಿಗೆ ಹೆಗಲು ಕೊಡುತ್ತ, "ಹೆದರಬೇಡಿ, ನಾನಿದ್ದೇನೆ" ಎಂಬ ಒಂದೇ ಮಾತನ್ನು ಆಡುತ್ತ ಬಂದಿದ್ದನು. ಅವನ ವೈರಿ ಕರಾಳವಕ್ತ್ರನೂ ಅಷ್ಟೇ ನಿಷ್ಠೆಯಿಂದ "ಹ್ಹ ಹ್ಹ ಹ್ಹ" ಎಂದು ನಕ್ಕು, ಪ್ರತಿ ಕಥೆಯ ಕೊನೆಯಲ್ಲಿ ಪೆಟ್ಟು ತಿಂದು ಮನೆಗೆ ಹೋಗುತ್ತಿದ್ದನು.

ಕಥೆಗಾರನಾದರೋ ಇರುವೆಗೂ ದಾರಿ ಬಿಟ್ಟು ನಡೆಯುವ ಪ್ರಾಣಿ. ತಪ್ಪು ನಂಬರಿಗೆ ಫೋನು ಮಾಡಿದವರ ಬಳಿಯೂ ತಾನೇ ಕ್ಷಮೆ ಕೇಳುವವನು.

ಒಂದು ದಿನ ಸಂಪಾದಕಿ ಅವನನ್ನು ಕರೆಸಿದಳು. "ಸರ್, ನಿಮ್ಮ ಮಿಂಚುಮುಷ್ಟಿ ಹಾರಿ ಬಂದ ಅಂದ್ರೆ ನನಗೇ ಆಕಳಿಕೆ ಬರುತ್ತೆ. ಇನ್ನೊಂದು ಸಂಚಿಕೆ ನೋಡ್ತೀನಿ. ಆಮೇಲೆ ನೀವು ಪದಬಂಧ ಮಾಡ್ಕೊಂಡಿರಿ."

ಆ ಕಚೇರಿಯಲ್ಲಿ ಪದಬಂಧವೆಂದರೆ ವಾನಪ್ರಸ್ಥ.

ಮನೆಯಲ್ಲಿ ಊಟದ ಮೇಜೇ ಕಥೆಗಾರ ದಂಪತಿಗಳ ಕಾರ್ಯಾಗಾರ. ಚಿತ್ರಗಾರನು ಕಳಿಸಿದ ಹಾಳೆಗಳಲ್ಲಿ ಪಾತ್ರಗಳ ಬಾಯ ಬಳಿಯ ಮಾತಿನ ಗುಳ್ಳೆಗಳು ಬರಿದಾಗಿರುತ್ತಿದ್ದವು. ಕಥೆಗಾರನು ಮಾತುಗಳನ್ನು ಚೀಟಿಗಳಲ್ಲಿ ದುಂಡಗೆ ಬರೆದು, ಯಾವುದು ಯಾವ ಗುಳ್ಳೆಗೆಂದು ಬೆನ್ನಿಗೆ ಅಂಕಿ ಹಾಕುವನು. ಹೆಂಡತಿ ಕತ್ತರಿಸಿ, ಗೋಂದು ಹಚ್ಚಿ ಅಂಟಿಸುವಳು.

ಆ ತಿಂಗಳ ಕಂತಿನ ಕೊನೆಯ ಚಿತ್ರದಲ್ಲಿ ಸೇತುವೆಯೊಂದು ಮುರಿದು, ಅದರ ಅಂಚಿನಲ್ಲಿ ಬಸ್ಸು ನೇತಾಡುತ್ತಿತ್ತು. ಅಚ್ಚಾಗಿ ಬಂದ ಪ್ರತಿಯನ್ನು ತೆರೆದ ಕಥೆಗಾರನು ಅದನ್ನು ಹಿಡಿದು ಅಡುಗೆಮನೆಗೆ ಓಡಿದನು. ಮಿಂಚುಮುಷ್ಟಿಯು ಸೊಂಟದ ಮೇಲೆ ಕೈಯಿಟ್ಟು, "ಹ್ಹ ಹ್ಹ ಹ್ಹ, ಒಬ್ಬರೂ ಉಳಿಯುವುದಿಲ್ಲ" ಎನ್ನುತ್ತಿದ್ದನು. ಕಣ್ಣಲ್ಲಿ ಬೆಂಕಿ ಕಾರುವ ಕರಾಳವಕ್ತ್ರನು, "ಹೆದರಬೇಡಿ, ನಾನಿದ್ದೇನೆ" ಎನ್ನುತ್ತಿದ್ದನು.

"ಏನೇ ಇದು?"

"ಯಾಕ್ರೀ, ಗೋಂದು ಬಿಟ್ಟಿತಾ?"

"ಮಾತು ಅದಲುಬದಲಾಗಿದೆ. ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲೇ."

"ಕನ್ನಡಕ ಹಾಕ್ಕೊಂಡಿರಲಿಲ್ಲ. ಆರು ಒಂಬತ್ತಾಗಿ ಕಂಡಿರಬೇಕು," ಎಂದು ಅವಳು ಹುರುಳಿಕಾಯಿಯ ನಾರು ತೆಗೆಯುವುದನ್ನು ಮುಂದುವರಿಸಿದಳು.

ವಾರದೊಳಗೆ ಕಚೇರಿಗೆ ಎರಡು ಚೀಲ ಪತ್ರಗಳು ಬಂದವು. ಖಳನು ಬಸ್ಸನ್ನು ಉಳಿಸಿದನೇ, ಅವನಿಗೆ ಏನಾಯಿತು ಎಂದು ಊರೂರಿನ ಮಕ್ಕಳು ಕೇಳಿದ್ದರು. ಮಿಂಚುಮುಷ್ಟಿಯ ಕ್ಷೇಮವನ್ನು ಒಬ್ಬರೂ ವಿಚಾರಿಸಿರಲಿಲ್ಲ.

"ಸರ್, ಈ ಬುದ್ಧಿನ ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ?" ಎಂದಳು ಸಂಪಾದಕಿ. "ಇನ್ಮೇಲೆ ಖಳನೇ ನಾಯಕ. ಆದ್ರೆ ಅವನನ್ನ ಸಂತನ್ನಾಗಿ ಮಾಡಿ ಕೆಡಿಸಬೇಡಿ. ಮುಂದಿನ ಕಂತಿನಲ್ಲಿ ಅವನು ಸಪ್ಪೆಯಾದ್ರೆ ಪದಬಂಧ ಇದ್ದೇ ಇದೆ."

ಕಥೆಗಾರನು ಮೂರು ದಿನ ಪೆನ್ನು ಕಚ್ಚಿ, ಖಳನಿಗಾಗಿ ಒಂದು ಮಾತು ಬರೆದನು: "ಪ್ರಯಾಣಿಕರೇ, ದಯವಿಟ್ಟು ಕೆಳಗಿಳಿಯುವಿರಾ?"

ಹೆಂಡತಿ ಚೀಟಿಯನ್ನು ಓದಿ ಕತ್ತರಿ ಕೆಳಗಿಟ್ಟಳು. "ಇವನು ಊರು ಸುಡೋ ರಾಕ್ಷಸನೋ, ಪಕ್ಕದ ಮನೆಗೆ ಸಕ್ಕರೆ ಕೇಳೋಕೆ ಬಂದವನೋ?"

"ಹಾಗಾದ್ರೆ ಏನಂತಾನೆ, ನೀನೇ ಹೇಳು."

ಅವಳು ತಲೆ ಎತ್ತಲಿಲ್ಲ. "'ಬಸ್ಸು ಹಿಡ್ಕೊಂಡಿದ್ದೀನಿ, ಬೇಗ ಇಳೀರಿ. ನನಗೆ ಬೇರೆ ಕೆಲಸ ಇಲ್ವಾ? ಮತ್ತೆ ಯಾರೂ ಥ್ಯಾಂಕ್ಸ್ ಹೇಳಬೇಡಿ, ತಲೆ ಸಿಡಿಯುತ್ತೆ. ಆ ಹಾರಾಡೋನು ಎಲ್ಲಿ? ಕೂದಲು ಬಾಚ್ತಿದ್ದಾನಾ?'"

ಈ ಧ್ವನಿಯನ್ನು ಅವನು ಹದಿನೆಂಟು ವರ್ಷಗಳಿಂದ ಅಡುಗೆಮನೆಯ ಬಾಗಿಲಿನಿಂದ ಕೇಳುತ್ತ ಬಂದಿದ್ದನು, ಕಿವಿಗೆ ಹಾಕಿಕೊಂಡಿರಲಿಲ್ಲ.

"ಅವತ್ತು ನಿಜವಾಗ್ಲೂ ಕನ್ನಡಕ ಹಾಕ್ಕೊಂಡಿರಲಿಲ್ವಾ?"

"ಗೋಂದು ಒಣಗುತ್ತೆ. ಚೀಟಿ ಕೊಡಿ."

ಅವನು ಚೀಟಿಗಳನ್ನು ಕೊಟ್ಟನು. ಒಂದರ ಬೆನ್ನಿಗೂ ಅಂಕಿ ಹಾಕಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪೆನ್ನನ್ನೂ ಅವಳತ್ತ ಸರಿಸಿದನು.

ಆ ಪತ್ರಿಕೆಯ ಪದಬಂಧವನ್ನು ಇಂದಿಗೂ ಬೇರೆ ಯಾರೋ ಮಾಡುತ್ತಿದ್ದಾರೆ.