ಮೂರನೇ ಪಿನ್ನು, ಎರಡು ಏಟು

ನನಗೆ ಬಾಯಿಗಿಂತ ಕೈ ಮುಂದು. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ಪಿಯುಸಿ ಓದುತ್ತಿದ್ದ ಮಗಳು, ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಂ ಅನ್ನುತ್ತದೆ ಎಂದು ಮೂರನೇ ಸಲ ಹೇಳಿದಾಗ ಕೆನ್ನೆಗೆ ಬಾರಿಸಿದೆ. ಪರೀಕ್ಷೆ ಹತ್ತಿರವಿತ್ತು, ಓದು ತಪ್ಪಿಸಲು ಕಳ್ಳನೆಪ ಅಂದುಕೊಂಡೆ. ನಾನೂ ಮುಟ್ಟಿ ನೋಡಿದ್ದೆ, ಏನೂ ಆಗಿರಲಿಲ್ಲ. ಆಗ ನನ್ನ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತೆಂಬುದು ನೆನಪಾದದ್ದು ಆಮೇಲೆ.

ಆ ಭಾನುವಾರ ಬೆಳಿಗ್ಗೆ ಒರೆಸಿದ ನೆಲ ಇನ್ನೂ ಆರಿರಲಿಲ್ಲ. ಅವಳು ಬರಿನೆಲದ ಮೇಲೆ ಕೂತು, ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟುಕೊಂಡು ಓದುತ್ತಿದ್ದಳು. ನಾನು ಸ್ನಾನಕ್ಕೆಂದು ಗೀಜರ್ ಸ್ವಿಚ್ ಒತ್ತಿದೆ. ನಡುಮನೆಯಿಂದ ಗಂಟಲು ಕಟ್ಟಿದಂಥ ಶಬ್ದ ಬಂತು. ಓಡಿದೆ. ಅವಳ ಬಲಗೈ ಲ್ಯಾಪ್‌ಟಾಪಿನ ಲೋಹದ ಮೈಗೆ ಕಚ್ಚಿಕೊಂಡಿತ್ತು, ಹಲ್ಲು ಬಿಗಿದಿತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಸ್ವಿಚ್ ಆರಿಸಬೇಕೆಂದು ಹೊಳೆಯಲಿಲ್ಲ. ನನಗೆ ಯಾವತ್ತೂ ಮೊದಲು ಹೊಳೆಯುವುದು ಹೊಡೆಯುವುದೇ. ಊಟದ ಮರದ ಮಣೆ ಎತ್ತಿ ಮಣಿಕಟ್ಟಿನ ಮೇಲೆ ಬಲವಾಗಿ ಹೊಡೆದೆ. ಮೂಳೆ ಲಟಕ್ಕೆಂದಿತು. ಅವಳು ಹಿಂದಕ್ಕೆ ಬಿದ್ದು ತಲೆ ಗೋಡೆಗೆ ಬಡಿಯಿತು, ಕೂದಲೊಳಗಿಂದ ರಕ್ತ ಇಳಿಯಿತು. ಆದರೆ ಉಸಿರಿತ್ತು.

ಹಾಸನದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ, ಕೈಗೆ ಪ್ಲಾಸ್ಟರ್ ಕಟ್ಟಿದರು. ಅವಳನ್ನು ಅವಳಮ್ಮನಿಗೆ ಒಪ್ಪಿಸಿ, ನಮ್ಮ ಮನೆಗೆ ವೈರಿಂಗ್ ಮಾಡಿದ್ದವನ ಅಂಗಡಿಗೆ ಹೋದೆ. ಕೊರಳಪಟ್ಟಿ ಹಿಡಿದು ಗೋಡೆಗೊತ್ತಿ, ನನ್ನ ಮಗಳನ್ನು ಕೊಲ್ಲಲು ಎಷ್ಟು ದಿನದಿಂದ ಕಾಯ್ತಿದ್ದೆ ಎಂದೆ. ಅವನು ಬಿಡಿಸಿಕೊಳ್ಳಲೂ ಇಲ್ಲ. ಮನೆಗೆ ಬಂದು ನೋಡ್ತೀನಿ ಅಂದ.

ಬಂದು ನೋಡಿ ಹೇಳಿದ. ಗೀಜರಿನ ಕಾಯಿಲ್ ಒಡೆದು ಕರೆಂಟು ಅದರ ಮೈಗೆ ಬಂದಿದೆ. ಅರ್ತಿಂಗ್ ತಂತಿಯಲ್ಲಿ ಅದು ನೆಲಕ್ಕಿಳಿಯಬೇಕಿತ್ತು. ಇಳಿಯಲು ದಾರಿಯಿಲ್ಲದೆ ಅದೇ ತಂತಿಯಲ್ಲಿ ತಿರುಗಿ, ಅಡಾಪ್ಟರಿನ ಮೂರನೇ ಪಿನ್ನಿನಿಂದ ಲ್ಯಾಪ್‌ಟಾಪಿಗೆ ಹತ್ತಿದೆ. ದಿನಾ ಜುಂ ಅನ್ನುತ್ತಿದ್ದದ್ದು ಅಡಾಪ್ಟರಿನದೇ ಚೂರು ಕರೆಂಟು, ಅದಕ್ಕೂ ದಾರಿಯಿರಲಿಲ್ಲ. ಆಮೇಲೆ ಅಂಗಳಕ್ಕೆ ಹೋಗಿ ಟೈಲ್ಸ್ ಮೇಲೆ ನಿಂತ.

"ಇಲ್ಲೇ ಉಪ್ಪು, ಇದ್ಲು ತುಂಬಿ ಅರ್ತಿಂಗ್ ಗುಂಡಿ ಮಾಡಿದ್ನಲ್ಲ ಸಾ, ಎಲ್ಲೋಯ್ತು?"

ನನ್ನವ್ವ ಬದುಕಿದ್ದಷ್ಟು ದಿನ, ಗುಂಡಿ ಒಣಗಬಾರದೆಂದು ಪಾತ್ರೆ ತೊಳೆದ ನೀರನ್ನು ಅದಕ್ಕೇ ಸುರಿಯುತ್ತಿದ್ದಳು. ಅವಳು ಹೋದ ಮೇಲೆ ಅಂಗಳಕ್ಕೆ ಟೈಲ್ಸ್ ಹಾಕಿಸಿದೆ. ಅರಕಲಗೂಡು ಕಡೆಯ ಗಾರೆಯವನು ಗುಂಡಿಯ ತಂತಿ ಅಡ್ಡ ಬರುತ್ತದೆ, ಏನು ಮಾಡಲಿ ಎಂದು ಎರಡು ಸಲ ಕೇಳಿದ್ದ. ಕೆಲಸ ತಡವಾಯಿತೆಂದು ರೇಗಿ ಅವನ ಕೈಯಿಂದ ಕಟಿಂಗ್ ಪ್ಲೇಯರ್ ಕಿತ್ತುಕೊಂಡು ನಾನೇ ಕತ್ತರಿಸಿದ್ದೆ.

ಅವತ್ತೇ ಸುತ್ತಿಗೆ ತಂದು ಟೈಲ್ಸ್ ಒಡೆದೆ. ವೈರಿಂಗಿನವನು ಸಾಕು ಅನ್ನುವವರೆಗೂ ಒಡೆದೆ. ಹೊಸ ಗುಂಡಿ ಆಯಿತು, ಗೀಜರ್ ಬದಲಾಯಿತು. ನೋಡಲು ಬಂದವರೆಲ್ಲ ಮಣೆಯ ಏಟೇ ಹುಡುಗಿಯನ್ನು ಉಳಿಸಿದ್ದು ಎಂದು ನನ್ನನ್ನು ಹೊಗಳಿದರು. ನಾನೂ ಆ ಕಥೆಯನ್ನು ಬಣ್ಣ ಕಟ್ಟಿ ಹೇಳುವುದನ್ನು ಕಲಿತೆ.

ಒಂದು ಸಂಜೆ ನೆಂಟರು ಹೊರಟ ಮೇಲೆ, ಮಗಳು ಎಡಗೈಯಲ್ಲಿ ಚೊಂಬು ಹಿಡಿದು ಗುಂಡಿಗೆ ನೀರು ಹಾಕುತ್ತಿದ್ದಳು. ನನ್ನ ಕಡೆ ತಿರುಗದೆಯೇ ಅಂದಳು:

"ಮಣೇಲಿ ಒಡ್ದಿದ್ದು ನಂಗೆ ಗ್ಯಾಪ್ಕನೇ ಇಲ್ಲ. ಕೆನ್ನೆಗೊಡ್ದಿದ್ದು ಅದೆ. ನಾನು ಸುಳ್ಳೇಳಿರ್ಲಿಲ್ಲ ಕಣಪ್ಪ."

ಚೊಂಬು ಇಸಿದುಕೊಳ್ಳಲು ಕೈ ಚಾಚಿದೆ. ಅವಳು ಬೆಚ್ಚಿ ಕೆನ್ನೆ ಆಚೆಗೆ ತಿರುಗಿಸಿಕೊಂಡಳು.