ಬಾವಿಗೆ ಉಸಿರು ಬಿಡಿಸಿದ ಸೈಫುಲ್ಲಾ

ಕಡೂರಿನ ಸೈಫುಲ್ಲಾನ ಕೈಗೆ ಮೊದಲು ಕಂಪ್ರೆಸರ್ ಪೈಪು ಕೊಟ್ಟವನು ನಾನು. ಪಂಚನಹಳ್ಳಿ, ದೇವನೂರು, ಅಜ್ಜಂಪುರದ ಕಡೆ ನೀರು ಕಡಿಮೆಯಾದ ಹಳೇ ಬೋರ್‌ವೆಲ್‌ಗಳಿಗೆ ಗಾಳಿ ಹೊಡೆದು ಹೂಳು ತೆಗೆಯುವುದು ನಮ್ಮ ಕಸುಬು. ಅದರಲ್ಲಿ ನಾನೇ ಕಂಡುಕೊಂಡ ಒಂದು ಪಟ್ಟು ಇತ್ತು. ಗಾಳಿ ಹೊಡೆಯುತ್ತಿರುವಾಗಲೇ ಮಷೀನು ನಿಲ್ಲಿಸಿ, ಪೈಪಿನ ಬಾಯಿ ಬಿಚ್ಚಿ, ಬಾವಿಯ ಉಸಿರು, ಅಂದರೆ ಒಳಗೆ ತುಂಬಿದ ಗಾಳಿ, ಹಿಂದಕ್ಕೆ ಬರಲು ಬಿಡಬೇಕು. ಬುಸ್ಸೆಂದು ಪೂರಾ ಬಿಟ್ಟಾದ ಮೇಲೆ ಒಂದೇ ಏಟಿಗೆ ಮತ್ತೆ ಹೊಡೆಯಬೇಕು. ಬಂಡೆಯ ಬಿರುಕಿನಲ್ಲಿ ಕೂತ ಹೂಳೆಲ್ಲ ಎದ್ದು ಬರುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಇಂಜಿನಿಯರುಗಳೇ ಬಂದು ನಿಂತು ನೋಡಿದ್ದುಂಟು. ಸೈಫು ಇದನ್ನು ವಾರದೊಳಗೆ ಕಲಿತ. ಇಪ್ಪತ್ತು ವರ್ಷ ಅದರಲ್ಲೇ ಅನ್ನ ಉಂಡ.

ಮೂರು ವರ್ಷದ ಕೆಳಗೆ, ಕಂಪ್ರೆಸರ್ ಬಲ್ಲವರು ಬೇಕೆಂದು ಒಬ್ಬ ಗುತ್ತಿಗೆದಾರ ಅವನನ್ನು ಗುಜರಾತಿನ ಒಂದು ಎಣ್ಣೆ ಬಾವಿ ಬಯಲಿಗೆ ಕರೆದೊಯ್ದ. ಅಲ್ಲಿಂದ ಅವನು ಫೋನಿನಲ್ಲಿ ಹೇಳಿದ್ದನ್ನು ನಾನು ನಂಬಲಿಲ್ಲ.

"ಯಜಮಾನ್ರೇ, ಇಲ್ಲೂ ಮುದಿ ಬಾವಿಗಳೇ. ಕಿಲೋಮೀಟರು ಕೆಳಗಿರೋ ಎಣ್ಣೆ ಆಲೆಮನೆ ಪಾಕದಂಗೆ ಗಟ್ಟಿ, ಮೇಲಕ್ಕೆ ಬರಲ್ಲ. ಅದಕ್ಕೆ ಒಂದು ಬಾವಿಗೆ ಗಾಳಿ ತುಂಬಿ, ಕೆಳಗಡೆ ಬೆಂಕಿ ಹಚ್ಚಿ ಉರಿಸ್ತಾರೆ. ಬಿಸಿಗೆ ಎಣ್ಣೆ ತೆಳ್ಳಗಾಗಿ ಪಕ್ಕದ ಬಾವಿಗೆ ಹರೀತದೆ."

"ಕಿಲೋಮೀಟರು ಕೆಳಗೆ ಬೆಂಕೀನಾ? ಯಾರ ಕಿವಿಗೆ ಹೂ ಇಡ್ತೀಯೋ?"

"ವರ್ಷಗಟ್ಲೆ ಉರೀತದೆ ಕಣ್ರೀ. ಗಾಳಿ ನಿಂತ್ರೆ ಆರೋಗ್ತದೆ. ಅದಕ್ಕೇ ನಾವು ಸಂಬಳ ತಗೊಳ್ಳೋದು."

ಕಳೆದ ಏಪ್ರಿಲ್‌ನ ಒಂದು ಗುರುವಾರ ಬೆಳಿಗ್ಗೆ ಅವನು ಹೇಳದೆ ಕೇಳದೆ ನಮ್ಮ ಮನೆಗೆ ಬಂದ. ಹಿಂದೆಯೇ ಅವನ ಹೆಂಡತಿ ಫಿರ್ದೋಸ್. ಅವನ ಮುಖ ನೋಡಿದೆ. ಅರ್ಧ ಗಡ್ಡವೇ ಇಲ್ಲ. ಎಡಗಡೆಯ ಹುಬ್ಬು ಸುಟ್ಟು ಬೋಳಾಗಿ, ಕೆನ್ನೆಯ ಚರ್ಮ ಸುಲಿದಿತ್ತು.

"ಸ್ಟೌ ಹತ್ಕೊಂತು ಅಂದ್ರು ನಂಗೆ ಇವ್ರು. ನಿಜ ಏನೂಂತ ನಿಮ್ಮ ಮುಂದೆನಾದ್ರೂ ಹೇಳ್ಲಿ," ಎಂದು ಫಿರ್ದೋಸ್ ಜಗಲಿಯ ಮೇಲೆ ಕೂತಳು.

ಅವನು ನೆಲ ನೋಡುತ್ತಾ ಹೇಳಿದ. ಹಿಂದಿನ ವಾರ ಒಂದು ದಿನ ಊಟದ ಹೊತ್ತಿನಲ್ಲಿ ಕರೆಂಟು ಹೋಗಿ ಗಾಳಿ ನಿಂತಿತು. ಅಲ್ಲಿಯ ಕಾನೂನಿನಂತೆ ಆ ಕೂಡಲೇ ವಾಲ್ವ್ ಬಂದ್ ಮಾಡಿ ಬಾವಿಗೆ ನೀರು ತುಂಬಬೇಕು. ಆಮೇಲಷ್ಟೇ ಮತ್ತೆ ಗಾಳಿ. ನೀರಿನ ಟ್ಯಾಂಕರ್ ಬರುವುದು ತಡವಾಯಿತು. ಒಳಗಿನ ಬೆಂಕಿ ಆರುತ್ತದೆಂದು ಇವನಿಗೆ ಆತುರ. ಇಂಜಿನಿಯರ್ ಧರ್ಮೇಶ್ ಕ್ಯಾಂಟೀನಿನಲ್ಲಿದ್ದ. ಕರೆಂಟು ಬಂದದ್ದೇ ತಡ, ಇವನು ವಾಲ್ವ್ ಬಿಚ್ಚಿ ಬಾವಿಗೆ ಉಸಿರು ಬಿಡಿಸಿದ. ಆಮೇಲೆ ಒಂದೇ ಏಟಿಗೆ ಗಾಳಿ ಹೊಡೆಯಿರೆಂದು ಮಷೀನು ಮನೆಗೆ ವಾಕಿಟಾಕಿಯಲ್ಲಿ ಹೇಳಿದ.

ನಮ್ಮ ಬೋರಿನಿಂದ ಹಿಂದಕ್ಕೆ ಬರುವುದು ಗಾಳಿ, ನೀರು. ಅಲ್ಲಿ ಬಂದದ್ದು ಉರಿಯುವ ಗ್ಯಾಸು. ಗಾಳಿ ಪೈಪಿನ ತುಂಬ ಗ್ಯಾಸು ಕೂತಿತ್ತು. ಅದರ ಮೇಲೆ ಗಾಳಿ ನುಗ್ಗಿದ್ದೇ ಹೊತ್ತಿಕೊಂಡು ಸಿಡಿಯಿತು.

"ತೊಡೆ ದಪ್ಪದ ಕಬ್ಬಿಣದ ಪೈಪು ಯಜಮಾನ್ರೇ. ನಲವತ್ತು ಅಡಿ ಉದ್ದಕ್ಕೂ ಬಾಳೆಹಣ್ಣು ಸುಲಿದಂಗೆ ಸೀಳ್ಕೊಂಡು ಹೋಯ್ತು. ಊಟದ ಹೊತ್ತಲ್ದಿದ್ರೆ ಆ ಪೈಪಿನ ಪಕ್ಕ ಆರು ಜನ ಇರ್ತಿದ್ರು."

ಫಿರ್ದೋಸ್ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಕಾಫಿ ಲೋಟ ಕೆಳಗಿಟ್ಟೆ.

"ಕಂಪನಿಯವ್ರಿಗೆ ಏನಂದೆ?"

"ವಾಲ್ವ್ ಸೋರ್ತಿತ್ತು ಅಂದೆ. ವಾಲ್ವ್ ನೋಡ್ಕೊಳ್ಳೋದು ಧರ್ಮೇಶ್ ಸಾಹೇಬ್ರ ಕೆಲಸ. ಸೋಮವಾರ ವಿಚಾರಣೆ. ಅವ್ರನ್ನ ತೆಗೀತಾರಂತೆ."

"ನೀನು ನಿಜ ಹೇಳಿದ್ರೆ?"

"ನನ್ನ ತೆಗೀತಾರೆ."

ಫಿರ್ದೋಸ್ ಎದ್ದು ಅವನ ಜೇಬಿನಿಂದ ಫೋನ್ ತೆಗೆದು ಅವನ ಮೊಣಕಾಲ ಮೇಲಿಟ್ಟಳು. "ಮಾಡಿ," ಎಂದಳು. ಅಷ್ಟೇ.

ಅವನು ಸ್ಪೀಕರ್ ಹಾಕಿ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದ. ಆ ಕಡೆ ಧರ್ಮೇಶ್ ಬಯ್ಯಲಿಲ್ಲ. ಒಂದೇ ಪ್ರಶ್ನೆ ಕೇಳಿದ.

"ಹೀಗೆ ಮಾಡೋದನ್ನ ಯಾರು ಕಲಿಸಿದ್ದು ನಿನಗೆ?"

ಸೈಫು ನನ್ನ ಕಡೆ ನೋಡಿ ತಟ್ಟನೆ ಮುಖ ತಿರುಗಿಸಿಕೊಂಡ. "ಯಾರೂ ಇಲ್ಲ ಸಾಹೇಬ್," ಎಂದ. ನನಗೆ ಅಷ್ಟು ಹಿಂದಿ ತಿಳಿಯುತ್ತದೆ. ಫೋನ್ ಕಿತ್ತುಕೊಂಡು, ಬಂದಷ್ಟು ಹಿಂದಿಯಲ್ಲೇ ಹೇಳಿದೆ: "ನಾನು ಕಲಿಸಿದ್ದು. ಶಿವಮೂರ್ತಪ್ಪ ಅಂತ. ಪಂಚನಹಳ್ಳಿ. ಬೋರ್‌ವೆಲ್ ಕೆಲಸದಲ್ಲಿ ಹಿಂಗೇ ಮಾಡೋದು."

"ಬೋರ್‌ವೆಲ್ಲಾ?" ಧರ್ಮೇಶನ ದನಿ ಬದಲಾಯಿತು. "ನಮ್ಮಲ್ಲಿ ಇನ್ನೂ ಹನ್ನೊಂದು ಜನ ಬೋರ್‌ವೆಲ್ ಕೆಲಸದಿಂದ ಬಂದೋರಿದ್ದಾರೆ. ನಾಳೆ ಎರಡನೇ ಬಾವಿಗೆ ಗಾಳಿ ಶುರು. ನಿಲ್ಲಿಸ್ತೀನಿ. ಸೈಫುಲ್ಲಾನ್ನ ಕಳಿಸಿ. ಅವರ ಎದುರಿಗೆ ಅವನೇ ಹೇಳಬೇಕು."

ಅಂದೇ ಸಂಜೆ ಕಡೂರಿನಲ್ಲಿ ರೈಲು ಹತ್ತಿಸಿದೆವು. ಹತ್ತು ದಿನದ ಮೇಲೆ ಟ್ರಂಕು ಹಾಸಿಗೆ ಸಮೇತ ಹಿಂದಿರುಗಿದ. ಕೆಲಸ ಹೋಗಿತ್ತು. ಧರ್ಮೇಶ್ ಉಳಿದುಕೊಂಡಿದ್ದ. ಈಗ ಸೈಫು ತರೀಕೆರೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಬಾವಿಯ ಕೆಲಸಕ್ಕೆ ಯಾರು ಕರೆದರೂ ಹೋಗುವುದಿಲ್ಲ.

ಬಂದ ದಿನ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ನಾನು ಕೇಳಿದೆ: "ಆ ಹನ್ನೊಂದು ಜನ ಏನಂದ್ರೋ?"

"ನಾ ಏನ್ ಮಾಡ್ದೆ ಅಂತ ಪೂರಾ ಹೇಳ್ದೆ. ಆಮೇಲೆ ಧರ್ಮೇಶ್ ಸಾಹೇಬ್ರು, ನಿಮ್ಮಲ್ಲಿ ಯಾರ್ಯಾರು ಹಿಂಗೇ ಮಾಡ್ತಿದ್ರಿ, ಕೈ ಎತ್ತಿ, ಯಾರನ್ನೂ ಕೆಲಸದಿಂದ ತೆಗೆಯಲ್ಲ ಅಂದ್ರು."

"ಎಷ್ಟು ಜನ ಎತ್ತಿದ್ರು?"

"ಏಳು."

ನಾನು ಅವನ ಟ್ರಂಕನ್ನು ನನ್ನ ಕಡೆಗೆ ಎಳೆದುಕೊಂಡೆ.

"ಸ್ವಲ್ಪ ಹೊತ್ತಾದ್ಮೇಲೆ ಇನ್ನೊಬ್ಬ ಎತ್ತಿದ," ಎಂದ ಸೈಫು. "ಆ ಎರಡನೇ ಬಾವಿಗೆ ಗಾಳಿ ಬಿಡಬೇಕಾಗಿದ್ದೋನು ಅವನೇ."